ಶಾಸನಕ್ಕೆ ಎರಡು ಕೊಂಬು

ಇಂದು ನಿನ್ನೆಯ ಮಾತಲ್ಲ ಇದು. ಬಹಳ ಬಹಳ ಹಿಂದೆ, ಕತ್ತರಿ ಹುಟ್ಟಿ ನಾಚಿಕೆ ಸತ್ತ ಕಾಲದಲ್ಲಿ, ಚಪ್ಪರಾವತಿ ಎಂಬ ರಾಜ್ಯವೊಂದಿತ್ತು. ಭೂಪಟದಲ್ಲಿ ಹುಡುಕಬೇಡಿ, ಸಿಕ್ಕುವುದಿಲ್ಲ. ಒಂದು ವೇಳೆ ನಿಮ್ಮ ಮನೆಯ ಕಿಟಕಿಯಿಂದಲೇ ಕಂಡರೆ ಅದು ನಿಮ್ಮ ಕಿಟಕಿಯ ದೋಷ, ನನ್ನದಲ್ಲ ಎಂದು ಈಗಲೇ ತಿಳಿಸಿಬಿಡುತ್ತೇನೆ. ಆ ರಾಜ್ಯವನ್ನು ಶ್ರೀಮನ್ಮಹಾರಾಜಾಧಿರಾಜ, ಅರಿರಾಯಮರ್ದನ, ಟೇಪುಚ್ಛೇದನಪ್ರವೀಣ ಉದ್ಘಾಟನವರ್ಮ ಮಹಾಪ್ರಭುಗಳು ಧರ್ಮದಿಂದ ಆಳುತ್ತಿದ್ದರು.

ಪ್ರಭುಗಳಿಗೆ ದಿನಕ್ಕೊಂದು ಉದ್ಘಾಟನೆಯಾಗದೆ ತಿಂಡಿ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಸೇತುವೆಯೊಂದನ್ನು ಈ ದಡದಿಂದ ಉದ್ಘಾಟಿಸಿದರೆ, ಮರುದಿನ ದೋಣಿಯಲ್ಲಿ ದಾಟಿ ಆ ದಡದಿಂದ ಉದ್ಘಾಟಿಸುತ್ತಿದ್ದರು. ಗಜಶಾಲೆಯನ್ನು ಉದ್ಘಾಟಿಸಿದ ಮೇಲೆ ಆನೆಯನ್ನೂ, ಸಾರ್ವಜನಿಕರ ಒತ್ತಾಯದ ಮೇರೆಗೆ ಸೊಂಡಿಲನ್ನು ಪ್ರತ್ಯೇಕವಾಗಿಯೂ ಉದ್ಘಾಟಿಸಿದರು. ಒಂದು ವರ್ಷ ಮಳೆ ಆಷಾಢದಲ್ಲೇ ಚೆನ್ನಾಗಿ ಹೊಯ್ದಿತು. ಆದರೆ ಪ್ರಭುಗಳ ದಿನಾಂಕ ಸಿಕ್ಕಿರಲಿಲ್ಲವಾದ್ದರಿಂದ ಶ್ರಾವಣದವರೆಗೆ ಅದನ್ನು ಅಧಿಕೃತ ಮಳೆಯೆಂದು ಪರಿಗಣಿಸಲಿಲ್ಲ. ಅಲ್ಲಿಯತನಕ ನೆನೆದವರು ಸ್ವಂತ ಜವಾಬ್ದಾರಿಯ ಮೇಲೆ ನೆನೆದರು.

ಹೀಗೆ ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ರಾಜ್ಯದಲ್ಲಿ ಉದ್ಘಾಟಿಸಲು ಏನೂ ಉಳಿಯಲಿಲ್ಲ. ಕಟ್ಟುವವರು ಕತ್ತರಿಸುವವರ ವೇಗಕ್ಕೆ ಸೋತರು. ಪ್ರಭುಗಳು ಹಾಸಿಗೆ ಹಿಡಿದರು. ಬಲಗೈಯ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಕೂಡುವುದು, ಬಿಡುವುದು, ಕೂಡುವುದು, ಬಿಡುವುದು. ರಾಜವೈದ್ಯರು ನಾಡಿ ಹಿಡಿದು ನೋಡಿ ಹೊರಗೆ ಬಂದು ತಲೆಯಾಡಿಸಿದರು.

ಆಗ ಮಹಾಮಂತ್ರಿ ತಥಾಸ್ತುಸೇನರು ಮಂಚದ ಬಳಿ ಬಂದು ಕೈಮುಗಿದರು. ಇಪ್ಪತ್ತು ವರ್ಷದ ಸೇವೆಯಲ್ಲಿ ಅವರು ಒಮ್ಮೆಯೂ 'ಇಲ್ಲ' ಎಂದವರಲ್ಲ. ಆ ಅಕ್ಷರಗಳನ್ನು ಉಚ್ಚರಿಸುವ ಶಕ್ತಿಯೇ ಅವರ ನಾಲಿಗೆಯಿಂದ ಹೋಗಿಬಿಟ್ಟಿತ್ತು.

"ಪ್ರಭೂ, ಹೊಸದು ಮುಗಿದಿರಬಹುದು. ಹಳೆಯದು ರಾಶಿ ರಾಶಿ ಬಿದ್ದಿದೆಯಲ್ಲ?"

"ಹಳೆಯದನ್ನು ಉದ್ಘಾಟಿಸುವುದುಂಟೇನಯ್ಯ?"

"ಕಟ್ಟಿಸಿದವರು ಉದ್ಘಾಟಿಸಿದ್ದಕ್ಕೆ ದಾಖಲೆ ಎಲ್ಲಿದೆ ಪ್ರಭೂ? ಒಂದು ಆಮಂತ್ರಣ ಪತ್ರಿಕೆ ಉಂಟೆ, ಒಂದು ಫೋಟೊ ಉಂಟೆ?"

ಪ್ರಭುಗಳು ದಿಗ್ಗನೆ ಎದ್ದು ಕುಳಿತರು. "ಅಯ್ಯೋ ಪಾಪ! ನೂರಾರು ವರ್ಷದಿಂದ ಉದ್ಘಾಟನೆಯೇ ಇಲ್ಲದೆ ನಿಂತಿವೆಯೆ? ನನ್ನ ಪ್ರಜೆಗಳು ಅದನ್ನೆಲ್ಲ ಹಾಗೇ ನೋಡಿಕೊಂಡು ಓಡಾಡುತ್ತಿದ್ದಾರೆಯೆ?" ಎಂದು ಅವರ ಕಣ್ಣಂಚು ಒದ್ದೆಯಾಯಿತು.

ಮರುದಿನವೇ ಪರಂಪರಾ ಉಸ್ತುವಾರಿ ಫರ್ಮಾನು ಹೊರಟಿತು. ರಾಜ್ಯದ ಸಕಲ ವಸ್ತುಸಂಗ್ರಹಾಲಯಗಳು, ಪಾಳುಗೋಡೆಗಳು, ಪುರಾತನ ಕೆರೆಗಳು ಇನ್ನು ಮುಂದೆ ಆಯಾ ಊರಿನ ಪುರಸಭೆಯ ಉಸ್ತುವಾರಿಗೆ ಸೇರತಕ್ಕದ್ದು. ಪುರಸಭೆಗಳು ಅವುಗಳನ್ನು ವಿಜಯದಶಮಿಯೊಳಗೆ ಉದ್ಘಾಟನಾಯೋಗ್ಯ ಮಾಡತಕ್ಕದ್ದು. ಪುರಸಭೆಗಳನ್ನೇ ಏಕೆ ಆರಿಸಿದಿರಿ ಎಂದು ಯಾರೋ ಕೇಳಿದ್ದಕ್ಕೆ ಮಹಾಮಂತ್ರಿಗಳು, ಊರಿನ ಚರಂಡಿಗಳನ್ನು ಮೂಲ ಸ್ಥಿತಿಯಲ್ಲೇ ಕಾಪಾಡಿಕೊಂಡು ಬಂದ ಅನುಭವ ಇನ್ನಾರಿಗಿದೆ ಎಂದು ಮರುಪ್ರಶ್ನೆ ಹಾಕಿದರು. ಕೇಳಿದವನು ಒಪ್ಪಿಕೊಂಡು ಮೂಗು ಮುಚ್ಚಿಕೊಂಡು ಮನೆಗೆ ಹೋದ.

ಈಗ ನಾವು ಕಲ್ಲುತೂಬು ಎಂಬ ಊರಿಗೆ ಹೋಗೋಣ. ಅಲ್ಲೊಂದು ದೊಡ್ಡ ಹಳೆಯ ಕೆರೆ. ಕೆರೆಯ ಏರಿಯಲ್ಲಿ ನೀರು ಬಿಡುವ ಕಲ್ಲಿನ ತೂಬು. ತೂಬಿನ ನೀರು ಹರಿದು ಹೋಗುವ ಕಡೆ ಸೊಪ್ಪಿನ ಕೇರಿ. ದಂಟು, ಮೆಂತ್ಯ, ಸಬ್ಬಸಿಗೆ, ಹರಿವೆ ಬೆಳೆದು ಊರಿಗೆಲ್ಲ ಉಣಿಸುವವರು ಆ ಕೇರಿಯವರು. ಏರಿಯ ಮೇಲೊಂದು ಮೂರು ಕೋಣೆಯ ವಸ್ತುಸಂಗ್ರಹಾಲಯ. ಅದಕ್ಕೆ ಸೀಬಯ್ಯನೇ ಪಾಲಕ, ಸೀಬಯ್ಯನೇ ಕಾವಲುಗಾರ, ಸೀಬಯ್ಯನೇ ಕಸ ಗುಡಿಸುವವನು. ನೋಡಲು ಜನ ಬಂದರೆ ವಿವರಿಸುವವನೂ ಅವನೇ, ಬಾರದಿದ್ದರೆ ಕೇಳಿಸಿಕೊಳ್ಳುವವನೂ ಅವನೇ. ಒಳಗಿದ್ದದ್ದು ಮೂಗು ಹೋದ ಒಬ್ಬ ದ್ವಾರಪಾಲಕ, ತುಕ್ಕು ತಿಂದ ಏಳು ಕತ್ತಿ, ಅರ್ಧ ಪಲ್ಲಕ್ಕಿ, ಮತ್ತು ಆಳೆತ್ತರದ ಒಂದು ಶಾಸನದ ಕಲ್ಲು.

ಆ ಕಲ್ಲೇ ಈ ಕಥೆಯ ಜೀವ. ಕೆರೆ ಕಟ್ಟಿಸಿದ ಪುಣ್ಯಾತ್ಮ ಯಾರೋ ಎಂಟುನೂರು ವರ್ಷದ ಹಿಂದೆ ಅದರ ಮೇಲೆ ಮೂರೇ ಮಾತು ಕೆತ್ತಿಸಿದ್ದ. "ಈ ಕೆರೆಯ ತೂಬಂ ಮುಚ್ಚಲಾಗದು. ಇದರ ನೀರ್ ಕೆಳಗಣ ಕೇರಿಗೆ ಚಂದ್ರಸೂರ್ಯರುಳ್ಳನ್ನಂ ಸಲ್ವುದು. ಇದಂ ಮೀರಿದವಂ ಅರುವತ್ತು ಸಾಸಿರ ವರುಷಂ ಹೇಸಿಗೆಯೊಳ್ ಪುಳುವಾಗಿ ಪುಟ್ಟುಗುಂ." ಪ್ರತಿವರ್ಷ ಹೊಸನೀರು ಬರುವ ದಿನ ಸೊಪ್ಪಿನ ಕೇರಿಯವರು ಮಿಂದು, ಹೊಸ ಬಟ್ಟೆ ಉಟ್ಟು, ಕಲ್ಲಿನ ಮುಂದೆ ಬಂದು ನಿಲ್ಲುತ್ತಿದ್ದರು. ಸೀಬಯ್ಯ ಬೆರಳಿಟ್ಟು ಓದುವನು. ಪ್ರತಿ ಮಾತಿನ ಕೊನೆಯನ್ನು ಕೇರಿಯವರೆಲ್ಲ ಒಟ್ಟಿಗೆ ಹೇಳುವರು. ಸೀಬಯ್ಯ "ತೂಬಂ" ಎಂದು ನಿಲ್ಲಿಸಿದರೆ ಇವರು "ಮುಚ್ಚಲಾಗದು!" ಎಂದು ಗೋಡೆ ನಡುಗುವಂತೆ ಕೂಗುವರು. ಅಕ್ಷರ ಬಲ್ಲವರು ಅವರಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರಿಗಿಂತ ಜೋರು ದನಿ ಸಣ್ಣೀರಮ್ಮನದು. ತೂಬಿಗೆ ಅಂಟಿಕೊಂಡಂತಿದ್ದ ಅವಳ ಮೂರು ಮಡಿ ದಂಟಿನ ಸೊಪ್ಪಿಗೆ ಮೊದಲ ನೀರು ಬರುತ್ತಿತ್ತು.

ಉಸ್ತುವಾರಿ ಸಮಿತಿಯನ್ನು ಹಿಂದಿಟ್ಟುಕೊಂಡು ಪುರಾಧ್ಯಕ್ಷ ಠರಾವಯ್ಯನವರು ತನಿಖೆಗೆ ಬಂದರು. ಮನೆಯಲ್ಲಿ ಹೆಂಡತಿ ಸಾರಿಗೆ ಉಪ್ಪು ಹಾಕಬೇಕಾದರೂ ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಬೇಕೆನ್ನುವ ಮನುಷ್ಯ. ಬಾಗಿಲಲ್ಲೇ ಅವರು ದ್ವಾರಪಾಲಕನನ್ನು ಕಂಡು ನಿಂತರು.

"ಇವನು ಯಾವ ಕಾಲದಿಂದ ಡ್ಯೂಟಿಯಲ್ಲಿದ್ದಾನೆ?"

"ಎಂಟ್ನೂರು ವರ್ಸ ಆಗೈತೆ ಸ್ವಾಮಿ," ಎಂದ ಸೀಬಯ್ಯ.

"ಹಾಜರಿ ಪುಸ್ತಕದಲ್ಲಿ ಒಂದು ಸಹಿಯೂ ಇಲ್ಲವಲ್ಲ?"

"ಒಂದ್ ದಿನಾನೂ ರಜ ಹಾಕಿಲ್ಲ ಸ್ವಾಮಿ. ಮೂಗು ಹೋದ್ ದಿನ ಸೈತ ನಿಂತೇ ಇದ್ದ."

ದ್ವಾರಪಾಲಕನಿಂದ ಲಿಖಿತ ವಿವರಣೆ ಕೇಳಬೇಕೆಂದು ಠರಾವು ಪಾಸಾಯಿತು. ಅರ್ಧ ಪಲ್ಲಕ್ಕಿಯ ಉಳಿದರ್ಧ ಎಲ್ಲಿ ಎಂದು ಮೂವರ ಉಪಸಮಿತಿ ನೇಮಕವಾಯಿತು. ಆಮೇಲೆ ಗುಮಾಸ್ತರು ವಸ್ತುಗಳ ಪಟ್ಟಿ ಓದುತ್ತ "ಶಾಸನ, ಒಂದು" ಎಂದರು. ಠರಾವಯ್ಯನವರ ಕಿವಿ ನೆಟ್ಟಗಾಯಿತು.

"ಏನಂದ್ರಿ? ಶಾಸನವೆ? ನಮ್ಮ ಪುರಸಭಾ ವ್ಯಾಪ್ತಿಯಲ್ಲಿ ನಮಗೆ ಗೊತ್ತಿಲ್ಲದ ಶಾಸನ ಒಂದಿದೆಯೆ? ಯಾವ ಸಭೆಯಲ್ಲಿ ಪಾಸಾದದ್ದು? ಕೋರಂ ಇತ್ತೆ?"

"ಅದು ಕಲ್ಲು ಸ್ವಾಮಿ," ಎಂದ ಸೀಬಯ್ಯ.

"ಕಾಗದದ ಮೇಲೆ ಬರೆದದ್ದೇ ಇಷ್ಟು ಗಟ್ಟಿ ಇರುವಾಗ, ಕಲ್ಲಿನ ಮೇಲೆ ಬರೆದದ್ದು ಎಷ್ಟು ಗಟ್ಟಿ ಇರಬೇಡ! ರದ್ದಾಗಿದೆಯೆ ಇದು?"

"ರದ್ದು ಆಗಿಲ್ಲ ಸ್ವಾಮಿ. ಅಂಗೇ ಐತೆ."

"ಅಂದರೆ ಎಂಟುನೂರು ವರ್ಷದಿಂದ ಜಾರಿಯಲ್ಲಿದೆ!" ಎಂದು ಠರಾವಯ್ಯನವರು ಕಲ್ಲಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಚಪ್ಪಲಿ ಬಿಟ್ಟರು.

ಓದುಗ ಮಹಾಶಯರೇ, ನಗಬೇಡಿ. ಕನ್ನಡದಲ್ಲಿ ಕಲ್ಲಿಗೂ ಕಾಯಿದೆಗೂ ಒಂದೇ ಹೆಸರಿಟ್ಟವರು ಠರಾವಯ್ಯನವರಲ್ಲ. ಅವರು ಪಾಪ ಪಟ್ಟಿಯಲ್ಲಿದ್ದದ್ದನ್ನು ಪಟ್ಟಿಯಲ್ಲಿದ್ದಂತೆಯೇ ಓದಿದವರು.

ಸಮಸ್ಯೆ ಏನೆಂದರೆ, ಕಲ್ಲುತೂಬಿನ ಕೆರೆಯಲ್ಲಿ ಪ್ರಭುಗಳು ಉದ್ಘಾಟಿಸಲೆಂದು ಠರಾವಯ್ಯನವರು ಆಗಲೇ ಹಂಸದೋಣಿ ವಿಹಾರವನ್ನು ಯೋಜಿಸಿದ್ದರು. ಬಿಳಿಯ ಫೈಬರ್ ಹಂಸಗಳು ಹತ್ತು ಬಂದು ಏರಿಯ ಮೇಲೆ ಕುಳಿತಿದ್ದವು, ಕಾಲಿನಲ್ಲಿ ತುಳಿದರೆ ಮುಂದೆ ಹೋಗುವಂಥವು. ಹಂಸ ತೇಲಬೇಕಾದರೆ ಕೆರೆ ತುಂಬಬೇಕು, ಕೆರೆ ತುಂಬಬೇಕಾದರೆ ತೂಬು ಮುಚ್ಚಬೇಕು. ತೂಬು ಮುಚ್ಚಲಾಗದು ಎನ್ನುತ್ತದೆ ಶಾಸನ. ಮೇಲಾಗಿ ಹುಳುವಿನ ವಿಷಯ ಬೇರೆ ಇತ್ತು. ಸಮಿತಿಯ ಸದಸ್ಯರಿಗೆ ಅರವತ್ತು ಸಾವಿರ ವರ್ಷದ ಅಧಿಕಾರಾವಧಿ ಹಿಡಿಸಿತಾದರೂ ಸ್ಥಳ ಹಿಡಿಸಲಿಲ್ಲ.

ವಿಷಯ ಆಸ್ಥಾನಕ್ಕೆ ಹೋಯಿತು. ಉದ್ಘಾಟನವರ್ಮರು ಗಂಭೀರವಾಗಿ ನುಡಿದರು: "ಶಾಸನವನ್ನು ಮೀರುವ ದೊರೆ ನಾನಲ್ಲ."

"ಅಲ್ಲವೇ ಅಲ್ಲ ಪ್ರಭೂ," ಎಂದರು ತಥಾಸ್ತುಸೇನರು. "ತಿದ್ದುವ ದೊರೆ."

ಹೀಗೆ ಕಲ್ಲುತೂಬು ಶಾಸನ ತಿದ್ದುಪಡಿ ಮಸೂದೆ ಸಿದ್ಧವಾಯಿತು. ಪ್ರಜಾಭಿಪ್ರಾಯಕ್ಕೆ ಬೆಲೆ ಕೊಡುವ ರಾಜ್ಯವಾದ್ದರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಿ ಪ್ರಕಟಣೆ ಹೊರಡಿಸಿದರು. ಹದಿನೈದು ದಿನದೊಳಗೆ, ಮೂಲ ಶಾಸನದ ಮಾದರಿಯಲ್ಲೇ ಕಲ್ಲಿನ ಮೇಲೆ ಕೆತ್ತಿ, ಮೂರು ಪ್ರತಿಗಳಲ್ಲಿ ಸಲ್ಲಿಸಬೇಕು ಎಂಬುದೊಂದೇ ಷರತ್ತು.

ಸೊಪ್ಪಿನ ಕೇರಿಯಲ್ಲಿ ಒಲೆ ಉರಿಯಲಿಲ್ಲ ಆ ದಿನ. ಸಣ್ಣೀರಮ್ಮ ಸೀಬಯ್ಯನ ಬಳಿಗೆ ಓಡಿ ಬಂದಳು.

"ತೂಬು ಮುಚ್ಚಿದ್ರೆ ನನ್ನ ದಂಟು ನಾಕೇ ದಿನುಕ್ಕೆ ಒಣಗೋಯ್ತದೆ ಕಣಪ್ಪ ಸೀಬಯ್ಯ. ಕಲ್ಲಿನ ಮ್ಯಾಲೆ ಬರ್ಕೊಡಬೇಕಂತಲ್ಲ? ನಮ್ಮಟ್ಟೀಲಿ ಕಲ್ಲಿಗೇನು ಬರ."

ಅವಳು ಬೀಸುಕಲ್ಲಿನ ಎರಡು ಹೋಳನ್ನೂ ರುಬ್ಬುಗುಂಡನ್ನೂ ತಲೆಯ ಮೇಲೆ ಒಂದೊಂದಾಗಿ ಹೊತ್ತು ತಂದಳು. ಸೀಬಯ್ಯ ಸುಣ್ಣದಲ್ಲಿ ಬರೆದುಕೊಟ್ಟ ಗೆರೆಗಳ ಮೇಲೆ ಉಳಿ ಇಟ್ಟು ತಾನೇ ಕುಟ್ಟಿದಳು. 'ತೂಬು ಮುಚ್ಚಬ್ಯಾಡಿ' ಎಂದು ಮೂರು ಪ್ರತಿ. ಜನ್ಮದಲ್ಲಿ ಅವಳು ಬರೆದ ಮೊದಲ ಅಕ್ಷರಗಳವು. ಬೆರಳೆಲ್ಲ ಜಜ್ಜಿ ಹೋಗಿತ್ತು. ಹದಿನಾಲ್ಕನೆಯ ದಿನ ಗಾಡಿಯಲ್ಲಿ ಹೇರಿಕೊಂಡು ಪುರಸಭೆಗೆ ತಂದು ಇಳಿಸಿದಳು.

ಠರಾವಯ್ಯನವರಿಗೆ ಆನಂದವಾಯಿತು. "ಭೇಷ್! ಕಲ್ಲಿನ ಮೇಲೆ ಬರಹ ಇದೆ. ಅಂದ ಮೇಲೆ ಇವೂ ಶಾಸನಗಳೇ. ಶಾಸನಗಳು ಇರಬೇಕಾದದ್ದು ವಸ್ತುಸಂಗ್ರಹಾಲಯದಲ್ಲಿ," ಎಂದು ಆಗಲೇ ಠರಾವು ಮಾಡಿ ಮೂರನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇರಿಸಿದರು. ಆಕ್ಷೇಪಣೆಗಳ ಕಡತದಲ್ಲಿ ಏನೂ ಉಳಿಯದ ಕಾರಣ, ಯಾವ ಆಕ್ಷೇಪಣೆಯೂ ಬಂದಿಲ್ಲವೆಂದು ನಮೂದಾಯಿತು. ಸಣ್ಣೀರಮ್ಮ ಆ ವಾರದಿಂದ ರಾಗಿ ಬೀಸಲು ಪಕ್ಕದ ಕೇರಿಗೆ ಹೋಗಬೇಕಾಯಿತು.

ತಿದ್ದುಪಡಿ ಮಾತ್ರ ಬಹಳ ಚಿಕ್ಕದು. ಆಸ್ಥಾನದ ಕರಡು ಪಂಡಿತರು ಒಂದು ತಿಂಗಳು ತಲೆ ಕೆಡಿಸಿಕೊಂಡು ಕಂಡುಹಿಡಿದದ್ದು. 'ಮುಚ್ಚಲಾಗದು' ಎಂಬುದರಲ್ಲಿ ಗ ಅಕ್ಷರಕ್ಕೆ ಒಂದು ಕೊಂಬು ಕೊಟ್ಟು, ಅದರ ಮುಂದೆ ಕೊಂಬಿರುವ ಒಂದು ವ ಸೇರಿಸಿದರೆ 'ಮುಚ್ಚಲಾಗುವುದು' ಆಗುತ್ತದೆ. ಅಷ್ಟೇ. ಸರ್ಕಾರಿ ಪತ್ರಗಳಲ್ಲಿ ಇದಕ್ಕಿಂತ ಪವಿತ್ರವಾದ ಶಬ್ದರೂಪ ಇನ್ನೊಂದಿಲ್ಲ. ಕ್ರಮ ಕೈಗೊಳ್ಳಲಾಗುವುದು, ಪರಿಶೀಲಿಸಲಾಗುವುದು, ಒದಗಿಸಲಾಗುವುದು. ಯಾರು ಎಂದು ಹೇಳುವ ಗೋಜಿಲ್ಲ. ಎಂಟುನೂರು ವರ್ಷದ ಕಲ್ಲು ಕೊನೆಗೂ ಕಚೇರಿಯ ಭಾಷೆ ಕಲಿತಿತು.

"ಸ್ವಾಮಿ, ಈ ಕಲ್ಲಿಗೆ ಕೊಂಬು ಬರಿಸ್ಬೇಡಿ," ಎಂದು ಸೀಬಯ್ಯ ಅಡ್ಡ ನಿಂತ. "ನಮ್ಮಪ್ಪ ಓದ್ತಿದ್ದ, ಅವ್ರಪ್ಪ ಓದ್ತಿದ್ದ. ಒಂದಕ್ಷರ ಆಚೀಚೆ ಆಗಿಲ್ಲ."

"ಕೊಂಬು ಬಂದಿರುವುದು ನಿನಗೆ," ಎಂದು ಠರಾವಯ್ಯನವರು ಅವನನ್ನು ಪಕ್ಕಕ್ಕೆ ಸರಿಸಿದರು.

ಕಲ್ಲುಕುಟಿಗ ಉಳಿ ಎತ್ತಿಕೊಂಡ. ಗಕ್ಕೆ ಕೊಂಬು ಸಲೀಸಾಗಿ ಬಂತು. ವು ಕೆತ್ತಲು ಮಾತ್ರ ನಡುವೆ ಜಾಗವಿರಲಿಲ್ಲ. ಹಿಂದಿನವರು ಮುಂದಾಲೋಚನೆಯಿಲ್ಲದೆ ಒತ್ತೊತ್ತಾಗಿ ಕೆತ್ತಿಬಿಟ್ಟಿದ್ದರು. ಆಗ ಪಂಡಿತರು ಮಕ್ಕಳು ಕಾಪಿ ಪುಸ್ತಕದಲ್ಲಿ ಮಾಡುವಂತೆ ಕೆಳಗೊಂದು ಹಂಸಪಾದ ಹಾಕಿ, ಬಿಟ್ಟುಹೋದ ಅಕ್ಷರವನ್ನು ಸಾಲಿನ ಮೇಲೆ ಬರೆಯಿಸಿದರು. ಹಂಸದೋಣಿಯ ಯೋಜನೆಗೆ ಹಂಸಪಾದವೇ ಒದಗಿ ಬಂದದ್ದು ದೈವಸಂಕಲ್ಪವೆಂದು ಆಸ್ಥಾನದಲ್ಲಿ ಸಿಹಿ ಹಂಚಿದರು. ನೀರು ಕೇರಿಗೆ 'ಸಲ್ವುದು' ಎಂಬ ಎರಡನೆಯ ಮಾತನ್ನು ಮುಟ್ಟಲಿಲ್ಲ, ಸಲ್ಲುವುದೆಂದಿದೆಯೇ ಹೊರತು ಹೇಗೆಂದು ಇಲ್ಲವಲ್ಲ. ಹುಳುವಿನ ಶಾಪವನ್ನೂ ತಿದ್ದುವ ಅಗತ್ಯ ಬೀಳಲಿಲ್ಲ. ಈಗ ತೂಬು ಮುಚ್ಚುವುದೇ ಶಾಸನವಾದ್ದರಿಂದ ಹುಳುವಾಗಿ ಹುಟ್ಟುವವನು ತೆರೆದವನು. ಸದಸ್ಯರೆಲ್ಲರೂ ಅಂದು ನೆಮ್ಮದಿಯಾಗಿ ಉಂಡರು.

ವಿಜಯದಶಮಿ ಬಂತು. ಕೆರೆಯ ಏರಿಗೆ ಏರಿಯಷ್ಟೇ ಉದ್ದದ ಚಪ್ಪರ. ಕಲ್ಲನ್ನು ಹೊರಗೆ ತಂದು ನಿಲ್ಲಿಸಿ, ಎಣ್ಣೆ ಬಣ್ಣ ಬಳಿದು, ಹೊಸ ಅಕ್ಷರಗಳಿಗೆ ಬಂಗಾರದ ಬಣ್ಣ ತುಂಬಿದ್ದರು. ತೂಬಿನ ಬಾಯಿಗೆ ಹಲಗೆ ಜಡಿದು, ಹಲಗೆಗೆ ಕೆಂಪು ಟೇಪು ಕಟ್ಟಿದ್ದರು. ಪ್ರಭುಗಳು ತೂಬು, ಕೆರೆ, ಹತ್ತು ಹಂಸ, ದ್ವಾರಪಾಲಕನ ಹೊಸ ಪ್ಲಾಸ್ಟಿಕ್ ಮೂಗು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಉದ್ಘಾಟಿಸಿ ದಷ್ಟಪುಷ್ಟರಾದರು. ಸಂಪ್ರದಾಯದಂತೆ ಶಾಸನವನ್ನು ಓದಬೇಕೆಂದು ಸೀಬಯ್ಯನಿಗೆ ಅಪ್ಪಣೆಯಾಯಿತು. ಎದುರಿಗೆ ಸೊಪ್ಪಿನ ಕೇರಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು.

ಸೀಬಯ್ಯ ಬೆರಳಿಟ್ಟ. "ಈ ಕೆರೆಯ ತೂಬಂ" ಎಂದ. ಕೆಮ್ಮು ಬಂದವನಂತೆ ನಿಲ್ಲಿಸಿಬಿಟ್ಟ.

"ಮುಚ್ಚಲಾಗದು!" ಎಂದಿತು ಕೇರಿಗೆ ಕೇರಿ. ಚಪ್ಪರದ ಮಾವಿನೆಲೆಗಳು ಅಲುಗಿದವು. ಏರಿಯ ಮೇಲಿದ್ದ ಕೊಕ್ಕರೆಗಳು ಎದ್ದು ಹಾರಿದವು. ಇದನ್ನು ಬರೆಯುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ, ಸುಳ್ಳೇಕೆ ಹೇಳಲಿ.

ಪ್ರಭುಗಳು ಹುಬ್ಬೇರಿಸಿದರು. "ಕಲ್ಲಿನಲ್ಲಿ ಹಾಗಿಲ್ಲವಲ್ಲ? ಇವರು ಎಲ್ಲಿಂದ ಓದಿದರು?"

"ಓದ್ಲಿಲ್ಲ ಮಾಸ್ವಾಮಿ," ಎಂದಳು ಸಣ್ಣೀರಮ್ಮ. "ನೆಪ್ಪೈತೆ. ನಮ್ಮಜ್ಜಿ ಕಾಲುದ್ದು, ಅವ್ರಜ್ಜಿ ಕಾಲುದ್ದು."

ಠರಾವಯ್ಯನವರು ಬೆವರಿದರು. ಸೆರೆಮನೆಯೋ ಗಡೀಪಾರೋ ಎಂದು ಜನ ಪಿಸುಗುಟ್ಟಿದರು. ಆದರೆ ಉದ್ಘಾಟನವರ್ಮರ ಮುಖ ಅರಳಿಬಿಟ್ಟಿತು.

"ಎಂಟುನೂರು ವರ್ಷದ ನೆನಪು! ಇದನ್ನು ಯಾರಾದರೂ ಉದ್ಘಾಟಿಸಿದ್ದಾರೆಯೆ?"

"ಆ ಭಾಗ್ಯ ತಮಗಾಗಿಯೇ ಕಾದಿತ್ತು ಪ್ರಭೂ!" ಎಂದರು ತಥಾಸ್ತುಸೇನರು.

ಸಣ್ಣೀರಮ್ಮನನ್ನು ಮಣೆಯ ಮೇಲೆ ಕೂರಿಸಿ, ಹಣೆಯ ಸುತ್ತ ಕೆಂಪು ಟೇಪು ಕಟ್ಟಿ, ಪ್ರಭುಗಳು ಸ್ವಹಸ್ತದಿಂದ ಕತ್ತರಿಸಿದರು. ಚಪ್ಪಾಳೆಯೋ ಚಪ್ಪಾಳೆ. ಟೇಪಿನ ಜೊತೆಗೆ ಅವಳ ಮುಂಗೂದಲೂ ಒಂದಷ್ಟು ಹೋಯಿತು. ಅಲ್ಲಿಗೆ ಆ ನೆನಪು ಅಧಿಕೃತ ಪರಂಪರೆಯಾಗಿ ಪುರಸಭೆಯ ಉಸ್ತುವಾರಿಗೆ ಸೇರಿತು. ಇನ್ನು ಮುಂದೆ ಅನುಮತಿಯಿಲ್ಲದೆ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲವೆಂದು ಠರಾವಯ್ಯನವರು ನಿಂತಲ್ಲೇ ಠರಾವು ಮಾಡಿದರು. ಸಭಿಕರೊಬ್ಬರು ಅನುಮೋದಿಸಿದರು.

ಕೆರೆ ತುಂಬಿತು. ನಾಲ್ಕು ದಿನಕ್ಕಲ್ಲ, ಆರು ದಿನಕ್ಕೆ ದಂಟು ಒಣಗಿತು. ತುಂಬಿದ ಕೆರೆಯ ಸುತ್ತ ತಂತಿ ಬೇಲಿ ಎದ್ದು, ಪರಂಪರಾ ಸರೋವರದ ನೀರನ್ನು ದಡದಿಂದ ಮುಟ್ಟಬಾರದು, ವಿಹಾರಿಗಳಿಗೆ ಮಾತ್ರ ಪ್ರವೇಶ ಎಂದು ಫಲಕ ಬಿತ್ತು. ಕೇರಿಯವರು ತಲೆ ಮೇಲೆ ಕೈ ಹೊತ್ತು ಕೂತರು. ಕೂತು ಕೂತು ಸಾಕಾಗಿ, ಎದ್ದು ಟಿಕೆಟ್ ಕೊಂಡರು.

ಅಂದಿನಿಂದ ಹಂಸಗಳು ಒಂದು ಘಳಿಗೆ ಖಾಲಿ ಇಲ್ಲ. ಬೆಳಿಗ್ಗೆ, ಸಂಜೆ ಸೊಪ್ಪಿನ ಕೇರಿಯ ಹೆಂಗಸರು ಕೊಡಗಳನ್ನು ತೊಡೆಯ ಮೇಲಿಟ್ಟುಕೊಂಡು, ಸೀರೆ ಎತ್ತಿಕಟ್ಟಿ, ಹಂಸ ತುಳಿದುಕೊಂಡು ಕೆರೆಯ ನಡುವಿಗೆ ಹೋಗಿ, ತುಂಬಿಕೊಂಡು ಬರುವರು. ಒಮ್ಮೆ ಪ್ರಭುಗಳು ಪರಿಶೀಲನೆಗೆ ಬಂದವರು ಆ ಜನಸಂದಣಿ ಕಂಡು ಮೈಮರೆತರು. ಏದುಸಿರು ಬಿಡುತ್ತ ದಡಕ್ಕೆ ಬಂದ ಸಣ್ಣೀರಮ್ಮನನ್ನು ಕೇಳಿದರು:

"ಹೇಗಿದೆಯಮ್ಮ ವಿಹಾರ?"

"ಚೆನ್ನಾಗೈತೆ ಮಾಸ್ವಾಮಿ. ಮೊದ್ಲು ನೀರೇ ನಡ್ಕೊಂಡು ನಮ್ಮನೆ ಬಾಗ್ಲಿಗೆ ಬರ್ತಿತ್ತು. ಈಗ ನಾವೇ ತುಳ್ಕೊಂಡು ಅದ್ರ ಮನೆಗೆ ಬರ್ತೀವಿ."

"ಕೇಳಿದಿರಾ!" ಎಂದು ಪ್ರಭುಗಳು ಪತ್ರಿಕೆಯವರ ಕಡೆ ತಿರುಗಿದರು. "ಪ್ರಜೆಗಳು ತಾವಾಗಿ ಪರಂಪರೆಯ ಬಳಿಗೆ ಬರುತ್ತಿದ್ದಾರೆ." ಮರುದಿನ ಎಲ್ಲ ಪತ್ರಿಕೆಗಳಲ್ಲಿ ಅದೇ ತಲೆಬರಹ. ಪ್ರಭುಗಳು ಟಿಕೆಟ್ಟಿನ ಸಾಲನ್ನೂ ಉದ್ಘಾಟಿಸಿ ಹೋದರು. ಆ ವರ್ಷ ಕಲ್ಲುತೂಬು ಪುರಸಭೆಗೆ ಉತ್ತಮ ಉಸ್ತುವಾರಿ ಪ್ರಶಸ್ತಿ ಬಂತು.

ಪ್ರಶಸ್ತಿಯ ಜೊತೆಗೆ ವಸ್ತುಸಂಗ್ರಹಾಲಯಕ್ಕೆ ಹೊಸ ವಸ್ತುವೂ ಒಂದು ಸೇರಿತು. ಸಮಿತಿಯವರು ಕೇರಿಯ ಒಣಗಿದ ಮಡಿಯ ಬದುವಿನಿಂದ ಎತ್ತಿ ತಂದ, ಯಾರೋ ಕಟ್ಟಿಟ್ಟಿದ್ದ ಒಂದು ಕಟ್ಟು ದಂಟಿನ ಕಡ್ಡಿ. ಅದನ್ನು ಬೀಸುಕಲ್ಲಿನ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೀಟಿ ಅಂಟಿಸಿದ್ದರು. ಒಂದು ಸಂಜೆ ಸಣ್ಣೀರಮ್ಮ ತುಂಬಿದ ಕೊಡವನ್ನು ಹೊಸಿಲಲ್ಲಿಟ್ಟು ಒಳಗೆ ಬಂದಳು. ತನ್ನ ಬೀಸುಕಲ್ಲನ್ನು ನೋಡಿದಳು. ಕಡ್ಡಿಯ ಕಟ್ಟನ್ನು ಕಟ್ಟಿದ ರೀತಿ ನೋಡಿದೊಡನೆ ತನ್ನದೇ ಕೈಯ ಕಟ್ಟೆಂದು ಅವಳಿಗೆ ಗುರುತು ಹತ್ತಿತು. ಬಾಳೆ ನಾರಿನಲ್ಲಿ ಎರಡು ಸುತ್ತು, ಎಳೆದಷ್ಟೂ ಬಿಗಿಯುವ ಒಂದು ಜೀರುಗುಣಿಕೆ.

"ಇದ್ರ ಮ್ಯಾಲೆ ಏನ್ ಬರ್ದವ್ರೆ ಸೀಬಯ್ಯ?"

ಸೀಬಯ್ಯ ಓದಿದ. "'ಇಲ್ಲಿ ಹಿಂದೆ ಸೊಪ್ಪನ್ನು ಬೆಳೆಯಲಾಗುತ್ತಿತ್ತು.'"

"ಅಂಗಂದ್ರೆ? ಯಾರು ಬೆಳೀತಿದ್ರು ಅಂತ ಬರ್ದಿಲ್ವಾ?"

ಸೀಬಯ್ಯ ಚೀಟಿಯನ್ನು ಇನ್ನೊಮ್ಮೆ ಮೊದಲಿನಿಂದ ಓದಿದ. ಹಿಂದುಗಡೆಯೇನಾದರೂ ಇದೆಯೋ ಎಂದು ಬಗ್ಗಿ ನೋಡಿದ.

"ಇಲ್ಲ ಸಣ್ಣೀರಕ್ಕ," ಎಂದ. "ಅದನ್ನ ಬರ್ದಿಲ್ಲ."

ಅವಳು ಹೊಸಿಲಲ್ಲಿದ್ದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ಮರುದಿನ ಬೆಳಿಗ್ಗೆ ಬೇಗ ಬಾರದಿದ್ದರೆ ಹಂಸ ಸಿಗುವಂತಿರಲಿಲ್ಲ.